ಯಾವ ಕಂಕಣದವರು

ದಾವಣಗೆರೆ
21-8-1961, ಸೋಮವಾರ

ಚಿ. ಮಾಳವ್ವನಿಗೆ,

ಇವತ್ತು ಶ್ರಾವಣದ ಎರಡನೇ ಸೋಮವಾರ, ನನಗೆ ಒಪ್ಪತ್ತು. ಬೆಳಿಗ್ಗೆ ಅಂಗಳ ಸಾರಿಸಿ, ನಲ್ಲಿಯ ಸಾಲಿನಲ್ಲಿ ನಿಂತು ನೀರು ತಂದು, ಬೀರದೇವರಿಗೆ ದೀಪ ಹಚ್ಚಿದೆ. ಆಮೇಲೆ ಹುಣಸೆ ಬೀಜ ಅರೆದು, ಕಂಬಳಿ ನೂಲಿಗೆ ಬಳಿಯುವ ಗಂಜಿ ಕಾಯಿಸಿದೆ. ಕೈಯ ಅಂಟು ಇನ್ನೂ ಹೋಗಿಲ್ಲ. ಕಾಗದಕ್ಕೆ ತಾಗಿದ್ದರೆ ಟೀಚರಮ್ಮನಾಗಿ ತಪ್ಪು ಹುಡುಕಬೇಡ.

ಹರಿಹರ ಬಸ್ಸಿಗೆ ಅರ್ಧ ತಾಸಿನ ದಾರಿ. ಅಷ್ಟು ದೂರಕ್ಕೆ ಯಾರೂ ಕಾಗದ ಬರೆಯುವುದಿಲ್ಲ. ಬಳೆಗಾರ್ತಿ ರಹಮತ್ ಬೀ ನಾಳೆ ಆ ಕಡೆ ಹೊರಟಿದ್ದಾಳೆಂದು ಅವಳ ಕೈಗೆ ಕೊಡುತ್ತಿದ್ದೇನೆ. "ತಾಯಿ ಮಗಳು ಮಾತಾಡಕ್ಕೆ ನನ್ನ ಕಾಲು ಬೇಕೇನವ್ವಾ? ನಾನು ಬಳಿ ಮಾರೋಳೋ, ಟಪಾಲು ಹೊರೋಳೋ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಬೇಸಿಗೆ ರಜೆಯಲ್ಲಿ ನಾನು ಆಡಿದ ಮಾತು ಆಡಿಯಾಗಿದೆ. ಆ ಹುಡುಗನ ಯೋಚನೆ ಬಿಡುವವರೆಗೆ ಈ ಹೊಸ್ತಿಲು ತುಳಿಯಬೇಡ ಎಂದೆ. ನೀನೂ ತುಳಿಯಲಿಲ್ಲ. ಹಾಲೇಶಪ್ಪ ಒಳ್ಳೆಯವನೇ ಇರಬಹುದು. ಗುತ್ತೂರು ಕಡೆಯ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ, ನಂದಿಗುಡಿಯಲ್ಲಿ ಗದ್ದೆ, ಮನೆಯಲ್ಲಿ ತಾಯಿ. ಅವರೂ ಕುರುಬರು, ನಾವೂ ಕುರುಬರು. ಆದರೆ ಮದುವೆಯ ದಿನ ಅವರು ಕೈಗೆ ಕಟ್ಟುವುದು ಹತ್ತಿ ದಾರ, ನಾವು ಕಟ್ಟುವುದು ಉಣ್ಣೆ ದಾರ. ಹತ್ತಿ ಕಂಕಣದವರಿಗೂ ಉಣ್ಣೆ ಕಂಕಣದವರಿಗೂ ಹೆಣ್ಣು ಕೊಟ್ಟು ತರುವ ರೂಢಿ ಇಲ್ಲ. ಯಾಕೆ ಇಲ್ಲ ಎಂದು ನೀನು ಕೇಳಿದೆ. ಗೊತ್ತಿದ್ದರೆ ಹೇಳುತ್ತಿರಲಿಲ್ಲವೇ? ಒಬ್ಬ ತಂದೆಯ ಇಬ್ಬರು ಹೆಂಡಿರ ಮಕ್ಕಳು ನಾವು ಅನ್ನುತ್ತಾರೆ. ನಾವು ದೊಡ್ಡವರೆಂದು ನಾವು, ತಾವು ದೊಡ್ಡವರೆಂದು ಅವರು.

ಈ ಸಂಬಂಧ ಬೇಡವೆಂದ ನಿನ್ನ ಸೋದರಮಾವ ಭರಮಣ್ಣನ ಮಾತು ನೀನೇ ಕೇಳಿದ್ದೀಯ. ನಿನ್ನಪ್ಪ ಹೋದ ಮೇಲೆ ಮಾಯಕೊಂಡದಿಂದ ಉಣ್ಣೆ ಹೊತ್ತು ತಂದು ನನ್ನ ರಾಟೆ ನಿಲ್ಲದ ಹಾಗೆ ನೋಡಿಕೊಂಡವನು ಅವನು. ಅವನು ಮುಖ ತಿರುಗಿಸಿದರೆ ನನಗೆ ತವರೆಂಬುದು ಇಲ್ಲ. ಐವತ್ತು ವರ್ಷದವಳಿಗೆ ತವರು ಯಾಕೆ ಎಂದು ಕೇಳಬೇಡ. ಈ ವಯಸ್ಸಿಗೇ ಅದು ಹೆಚ್ಚು ಬೇಕು.

ಇದೊಂದು ಬಿಟ್ಟು ಬೇರೆ ಏನನ್ನಾದರೂ ಬರೆ. ನೀನು ಸಣ್ಣಗಾಗಿದ್ದೀಯಂತೆ, ಬಳೆ ಅಳತೆ ಒಂದು ಸುತ್ತು ಇಳಿದಿದೆ ಎಂದಳು ರಹಮತ್ ಬೀ. ಶೇಂಗಾ ಉಂಡೆ ಕಳಿಸಿದ್ದೇನೆ.

ಹೊತ್ತಿಗೆ ಉಣ್ಣು.
ನಿನ್ನ ಅವ್ವ,
ಮೈಲಮ್ಮ

ಹರಿಹರ
3-9-1961, ಭಾನುವಾರ

ಅವ್ವನಿಗೆ ಮಾಳವ್ವ ಮಾಡುವ ನಮಸ್ಕಾರಗಳು.

ಬೇರೆ ಏನನ್ನಾದರೂ ಬರೆ ಅಂದಿದ್ದೀಯ. ಅದಕ್ಕೇ ಅಮೆರಿಕದ ಕುರಿಗಳ ವಿಷಯ ಬರೆಯುತ್ತೇನೆ. ನಗಬೇಡ.

ಕಾರ್ಖಾನೆಗೆ ಹೊಸ ಯಂತ್ರ ಕೂಡಿಸಲು ಅಮೆರಿಕದ ಒಬ್ಬ ಎಂಜಿನಿಯರು ಬಂದಿದ್ದಾರೆ. ಅವರ ಹೆಂಡತಿಯ ಹೆಸರು ರೂತ್. ನಮ್ಮ ಶಾಲೆಯ ಹುಡುಗಿಯರು ರೂತಮ್ಮ ಮಾಡಿದ್ದಾರೆ. ಶಾಲೆ ಬಿಟ್ಟ ಮೇಲೆ ಅವಳಿಗೆ ನಾನು ಕನ್ನಡ ಕಲಿಸುತ್ತೇನೆ, ಅವಳು ನನ್ನ ಇಂಗ್ಲಿಷು ತಿದ್ದುತ್ತಾಳೆ. ಒಂದು ದಿನ ಮಳೆ ಬಂತೆಂದು ನೀನು ಕೊಟ್ಟ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು ಹೋಗಿದ್ದೆ. ಬಾಗಿಲಲ್ಲೇ ಅದರ ತುದಿ ಹಿಡಿದು ಮೂಸಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು. ನೆನೆದ ಉಣ್ಣೆಯ ವಾಸನೆ ಎಲ್ಲ ದೇಶದಲ್ಲೂ ಒಂದೇ ಅಂತೆ. ಅವಳ ಅಜ್ಜ ವಯೋಮಿಂಗ್ ಎಂಬ ಸೀಮೆಯಲ್ಲಿ ಕುರಿ ಮೇಯಿಸಿಕೊಂಡಿದ್ದವನು.

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಇನ್ನೂರು ವರ್ಷಗಳ ಹಿಂದೆ ಅವರನ್ನೂ ಇಂಗ್ಲಿಷರೇ ಆಳುತ್ತಿದ್ದರು. ನಿಮ್ಮ ಉಣ್ಣೆ ಬಟ್ಟೆಯನ್ನು ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಸಾಗಿಸಿ ಮಾರಬಾರದು, ನಮ್ಮದನ್ನೇ ಕೊಳ್ಳಬೇಕು ಎಂದು ಕಾನೂನು ಮಾಡಿದ್ದರು. ಆಮೇಲೆ ತೆರಿಗೆ ಹೇರಿದಾಗ ಜನ ರೇಗಿ, ನಿಮ್ಮ ಬಟ್ಟೆಯೇ ಬೇಡ ಎಂದರು. ಆದರೆ ಉಟ್ಟುಕೊಳ್ಳಲು ಉಣ್ಣೆ ಸಾಲಬೇಕಲ್ಲ. ಅದಕ್ಕೆ ಎಷ್ಟೋ ಊರಿನವರು ಕುರಿಮರಿಯ ಮಾಂಸ ತಿನ್ನುವುದಿಲ್ಲ ಎಂದು ಆಣೆ ಮಾಡಿದರಂತೆ. ಮರಿ ಉಳಿದರೆ ಕುರಿಯಾಗುತ್ತದೆ, ಕುರಿಯಾದರೆ ಉಣ್ಣೆ ಕೊಡುತ್ತದೆ. ಹೆಂಗಸರು ಪಾದ್ರಿಗಳ ಮನೆಯಂಗಳದಲ್ಲಿ ಸೇರಿ ಬೆಳಗಿನಿಂದ ಸಂಜೆಯವರೆಗೆ ನೂಲುತ್ತಿದ್ದರಂತೆ.

ಇನ್ನೊಂದು ಮಾತು. ಮೊದಲನೇ ದೊಡ್ಡ ಯುದ್ಧದ ಕಾಲಕ್ಕೆ ಅಲ್ಲಿಯ ಅಧ್ಯಕ್ಷರ ಬಂಗಲೆಯ ಹುಲ್ಲಿನ ಮೇಲೆ ಕುರಿ ಬಿಟ್ಟಿದ್ದರು. ಆ ಉಣ್ಣೆಯನ್ನು ಹರಾಜು ಹಾಕಿ ಗಾಯಾಳುಗಳಿಗೆ ಹಣ ಕೂಡಿಸಿದರಂತೆ.

ಉಂಡೆ ಮುಗಿದವು.
ನಿನ್ನ ಮಗಳು,
ಮಾಳವ್ವ

ದಾವಣಗೆರೆ
18-9-1961, ಸೋಮವಾರ

ಚಿ. ಮಾಳವ್ವನಿಗೆ,

ಕಾಗದವನ್ನು ರಹಮತ್ ಬೀಗೂ ಓದಿ ಹೇಳಿದೆ. ಅಧ್ಯಕ್ಷರ ಬಂಗಲೆಯ ಮುಂದೆ ಕುರಿ ಬಿಟ್ಟರೆ ಹಿಕ್ಕೆ ಗುಡಿಸಿದವರು ಯಾರು ಎಂಬುದೇ ಅವಳ ಚಿಂತೆ. "ಅಧ್ಯಕ್ಷರ ಹೆಂಡ್ರಂತೂ ಗುಡ್ಸಿರಲ್ಲ ಬಿಡು" ಎಂದು ತಾನೇ ತೀರ್ಪು ಕೊಟ್ಟಳು.

ನನ್ನ ಮನಸ್ಸು ಹಿಡಿದದ್ದು ಆ ಆಣೆಯ ಮಾತು. ಅದು ವ್ರತವೇ. ದೇವರ ಹೆಸರು ಹೇಳಿದರೂ ವ್ರತ, ಹೇಳದಿದ್ದರೂ ವ್ರತ. ಬಾಯಿ ಕಟ್ಟಿದವರಿಗೆ ಮೈ ಮುಚ್ಚುವುದು ಸಿಕ್ಕಿತು. ನಾನು ಸಣ್ಣವಳಿದ್ದಾಗ ಖಾದಿಯವರು ಮಾಯಕೊಂಡದ ಸ್ಟೇಷನ್ನಿಗೆ ಬಂದು, ಸೀಮೆ ಬಟ್ಟೆ ಬಿಡಿ, ನೂಲು ತೆಗೆಯಿರಿ ಎಂದಾಗ ನನ್ನಜ್ಜಿ ಹೇಳಿದ್ದಳು: "ನಾವು ಬಿಟ್ಟಿದ್ದು ಯಾವಾಗಪ್ಪಾ, ಈಗ ಹೊಸದಾಗಿ ಹಿಡಿಯಾಕ?" ಆ ಅಮೆರಿಕದ ಹೆಂಗಸರೂ ಹಾಗೇ ಅಂದುಕೊಂಡಿರಬೇಕು.

ನಿನಗೆ ಒಂದು ಕೆಲಸ. ಕುರಿ ಕಾಯ್ದವರ ಮೊಮ್ಮಗಳು ಅಂದೆಯಲ್ಲ, ರೂತಮ್ಮ ಯಾವ ಕಂಕಣದವಳು ಎಂದು ಕೇಳು. ಸುಮ್ಮನೆ ಕೇಳಿದೆ ಅಷ್ಟೇ.

ಭರಮಣ್ಣ ಹೋದ ವಾರ ಬಂದಿದ್ದ. ಉಣ್ಣೆಯ ಗಂಟು ಇಳಿಸಿ, ನೀರು ಕುಡಿದು, ನಿನ್ನ ಸುದ್ದಿ ಎತ್ತದೆ ಹೋದ. ಹೋಗುವಾಗ ಗೂಟದಲ್ಲಿ ನೇತು ಹಾಕಿರುವ ನಿನ್ನ ಹಳೇ ಛತ್ರಿಯನ್ನು ನೋಡಿ ನಿಂತ.

ಮಳೆಯಲ್ಲಿ ನೆನೆಯಬೇಡ.
ನಿನ್ನ ಅವ್ವ

ಹರಿಹರ
1-10-1961, ಭಾನುವಾರ

ಅವ್ವನಿಗೆ ನಮಸ್ಕಾರಗಳು.

ಯಾವ ಕಂಕಣ ಎಂದು ಕೇಳಿದೆ. ಮದುವೆಯಲ್ಲಿ ಕೈಗೆ ಕಟ್ಟುತ್ತಾರಲ್ಲ ಅದು ಎಂದು ಕೈ ತೋರಿಸಿ ಬಿಡಿಸಿ ಹೇಳಿದೆ. ರೂತಮ್ಮ ಬಹಳ ಯೋಚನೆ ಮಾಡಿ ಬೆರಳಿನ ಉಂಗುರ ಚಾಚಿ, "ಬಂಗಾರ" ಎಂದಳು.

ಆದರೆ ಆ ಮಾತಿನಿಂದ ಇನ್ನೊಂದು ಮಾತು ಹೊರಟಿತು. ಅವರ ಸೀಮೆಯಲ್ಲೂ ಎರಡು ಪಂಗಡ. ದನ ಸಾಕುವವರು, ಕುರಿ ಸಾಕುವವರು. ಹುಲ್ಲುಗಾವಲು ಯಾರದ್ದೂ ಅಲ್ಲ, ಸರ್ಕಾರದ್ದು. ಆದರೂ ದನದವರು ಮೊದಲು ಬಂದವರಾದ್ದರಿಂದ ತಮ್ಮದೆನ್ನುತ್ತಿದ್ದರು. ಕುರಿ ಮೇಯ್ದ ಕಡೆ ದನ ಬಾಯಿ ಹಾಕುವುದಿಲ್ಲ, ಕುರಿ ಹುಲ್ಲಿನ ಬೇರನ್ನೂ ಬಿಡುವುದಿಲ್ಲ ಎಂದು ಬೈಯುತ್ತಿದ್ದರು. ಬಯಲಿನಲ್ಲಿ ಗೆರೆ ಗುರುತು ಮಾಡಿ, ಇದನ್ನು ದಾಟಿ ಕುರಿ ತರಬಾರದು ಎಂದು ಕಟ್ಟು ಮಾಡಿದ್ದರು. ದಾಟಿದರೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕುದುರೆಯ ಮೇಲೆ ಬಂದು ಮಂದೆಗೆ ಮಂದೆಯನ್ನೇ ಕೊಲ್ಲುತ್ತಿದ್ದರಂತೆ. ಕುರುಬರನ್ನೂ ಕೊಂದದ್ದುಂಟು. ಇದೆಲ್ಲ ಪುರಾಣದ ಕಾಲದ್ದಲ್ಲ ಅವ್ವ, ನೀನು ಹುಟ್ಟುವ ಸ್ವಲ್ಪ ಮುಂಚಿನದು.

ರೂತಮ್ಮನ ಅಜ್ಜ ಕುರಿಯವನು. ಅಜ್ಜಿ ಗೆರೆಯ ಆಚೆಯವಳು, ದನದವರ ಮಗಳು. ಇಬ್ಬರೂ ಮದುವೆಯಾದರು.

ಇಷ್ಟೇ. ನಾಡಿದ್ದು ಶಾಲೆಗೆ ಇನ್ಸ್‌ಪೆಕ್ಟರು ಬರುತ್ತಾರೆ, ನಕ್ಷೆ ಬರೆಯಬೇಕು.

ನಿನ್ನ ಮಗಳು,
ಮಾಳವ್ವ

ದಾವಣಗೆರೆ
9-10-1961, ಸೋಮವಾರ

ಚಿ. ಮಾಳವ್ವನಿಗೆ,

ನಾನು ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದವಳು. ಆದರೂ ನೀನು ಕುರಿಯ ಕಥೆ ಎಂದು ಹೇಳಿ ಯಾರ ಕಥೆ ಹೇಳುತ್ತಿದ್ದೀಯ ಎಂಬುದು ತಿಳಿಯದಷ್ಟು ದಡ್ಡಿ ಅಲ್ಲ. ಬೇರೆ ಏನನ್ನಾದರೂ ಬರೆ ಅಂದರೆ ಏಳು ಸಮುದ್ರ ಸುತ್ತಿ ಅಲ್ಲಿಗೇ ಬಂದೆ.

ಕಾಗದವನ್ನು ಮಡಚಿ ಇಟ್ಟಿದ್ದೆ. ಎರಡು ದಿನ ಬಿಟ್ಟು ಮತ್ತೆ ತೆಗೆದೆ. ಆ ಕುರಿಗಳ ಮಾತು ಮನಸ್ಸಿನಿಂದ ಹೋಗಲಿಲ್ಲ. ಬಾಯಿಲ್ಲದ ಪ್ರಾಣಿಗಳು. ನಮ್ಮಲ್ಲಿ ರೈತರು ಬೈದಾರು, ಆದರೆ ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಮಂದೆ ನಿಲ್ಲಿಸಿ ಗೊಬ್ಬರ ಮಾಡಿಕೊಡು ಎಂದು ಅವರೇ ಕಾಳು ಅಳೆದು ಕೊಟ್ಟು ಕರೆಯುತ್ತಾರೆ. ಅಲ್ಲಿಯವರಿಗೆ ಅಷ್ಟು ಬುದ್ಧಿ ಹೊಳೆಯಲಿಲ್ಲವೇ?

ಇವತ್ತು ಗುಡಿಗೆ ಹೋಗಿ ದೇವರಲ್ಲಿ ಹೂ ಕೇಳಿದೆ. ಬೀರದೇವರ ನೆತ್ತಿಯ ಮೇಲೆ ಹೂವಿಟ್ಟು, ಬಲಕ್ಕೆ ಬಿದ್ದರೆ ಕೊಡುತ್ತೇನೆ, ಎಡಕ್ಕೆ ಬಿದ್ದರೆ ಇಲ್ಲ ಎಂದು ಕೈಮುಗಿದು ಕೂತೆ. ಮೊಣಕಾಲು ಹಿಡಿದುಕೊಂಡವು. ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಪೂಜಾರಿ ಪಾಲಯ್ಯನಿಗೆ ಮಧ್ಯಾಹ್ನದ ಊಟದ ಹೊತ್ತಾಯಿತು. "ತಾಯೀ, ದೇವ್ರು ಇದನ್ನ ನಿನ್ನ ಮ್ಯಾಲೇ ಬಿಟ್ಟಂಗೈತೆ. ನೀ ಮನೀಗೆ ನಡಿ, ನಾ ಬಾಗ್ಲಾ ಹಾಕ್ತೀನಿ" ಎಂದ. ಇಷ್ಟು ವರ್ಷ ಒಪ್ಪತ್ತು ಮಾಡಿದವಳಿಗೆ ದೇವರು ಕೊಟ್ಟ ಉತ್ತರ ಇದು. ಸಿಟ್ಟು ಬಂತು. ದಾರಿಯಲ್ಲಿ ಬರುತ್ತಾ ಕಡಿಮೆಯಾಯಿತು.

ರೂತಮ್ಮನನ್ನು ಒಂದು ಮಾತು ಕೇಳು. ಆ ಅಜ್ಜಿಯ ಮದುವೆ ಹೇಗಾಯಿತು, ಗಂಡ ಹೇಗಿದ್ದ, ಅದೆಲ್ಲ ನನಗೆ ಬೇಡ. ಅವಳ ತವರಿನವರು ಕಡೆಗೂ ಅವಳ ಮನೆಗೆ ಬಂದರೋ ಇಲ್ಲವೋ? ಅದನ್ನು ಕೇಳಿ ಬರೆ. ನನ್ನ ಮನಸ್ಸಿಗೆ ಹಿತವಾಗಲೆಂದು ಸುಳ್ಳು ಸೇರಿಸಬೇಡ.

ನಿನ್ನ ಅವ್ವ,
ಮೈಲಮ್ಮ

ಹರಿಹರ
19-11-1961, ಭಾನುವಾರ

ಅವ್ವನಿಗೆ ನಮಸ್ಕಾರಗಳು.

ತಡವಾಯಿತು. ರೂತಮ್ಮ ಗಂಡನ ಜೊತೆ ಮುಂಬಯಿಗೆ ಹೋಗಿದ್ದಳು. ರಹಮತ್ ಬೀ ಎರಡು ಸಲ ಬಂದು ಕಾಗದ ಇಲ್ಲದೆ ಹೋದಾಗ ನೀನು ಏನು ಅಂದುಕೊಂಡೆಯೋ ಎಂದು ಸಂಕಟವಾಯಿತು.

ನಿನ್ನ ಪ್ರಶ್ನೆ ಕೇಳಿದೆ. ಅವಳಿಗೆ ಮೊದಲು ತವರು ಎಂಬ ಪದವೇ ಅರ್ಥವಾಗಲಿಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಪದ ಇಲ್ಲವಂತೆ. ಅರ್ಥವಾದ ಮೇಲೆ ಹೇಳಿದಳು.

ಅಜ್ಜಿಯ ಅಪ್ಪ ಬರಲಿಲ್ಲ. ಸಾಯುವವರೆಗೂ ಬರಲಿಲ್ಲ, ಸತ್ತಾಗ ಇವಳನ್ನು ಕರೆಯಲೂ ಇಲ್ಲ. ತಾಯಿ ಕದ್ದು ಕದ್ದು ಬಟ್ಟೆಬರೆ ಕಳಿಸುತ್ತಿದ್ದಳು. ಅಣ್ಣನೊಬ್ಬ ಇದ್ದ. ಮದುವೆಯಾದ ಮೊದಮೊದಲು ಅವನೂ ಬರಲಿಲ್ಲ. ಆಮೇಲೆ ಒಂದು ವರ್ಷ ಕುರಿಗಳ ಉಣ್ಣೆ ಕತ್ತರಿಸುವ ಕಾಲಕ್ಕೆ ಕುದುರೆ ಮೇಲೆ ಬಂದು ಬೇಲಿಯ ಹತ್ತಿರ ನಿಂತ. ಯಾಕೆ ಬಂದೆ ಎಂದು ಅಜ್ಜಿ ಕೇಳಿದಳು. ನಿನ್ನನ್ನು ನೋಡಲು ಬಂದಿಲ್ಲ, ನಿಮ್ಮ ಕುರಿಗಳು ಗೆರೆ ದಾಟಿವೆಯೋ ಏನೋ ಎಂದು ನೋಡಲು ಬಂದೆ ಅಂದ. ಅವಳು ಕಾಫಿ ತಂದು ಕೊಟ್ಟಳು. ಕುದುರೆಯಿಂದ ಇಳಿಯದೆ ಕುಡಿದ. ಮರುವರ್ಷವೂ ಬಂದ, ಅದೇ ನೆಪ ಹೇಳಿದ. ಅಷ್ಟು ಹೊತ್ತಿಗೆ ಗೆರೆಯ ಜಗಳವೇ ತಣ್ಣಗಾಗಿತ್ತು, ಕಾವಲಿಗೆ ಯಾರೂ ಇರಲಿಲ್ಲ. ಆದರೂ ಪ್ರತಿ ವರ್ಷ ಉಣ್ಣೆ ಕತ್ತರಿಸುವಾಗ ಬರುತ್ತಿದ್ದ, ಗೆರೆ ನೋಡಲು ಬಂದೆ ಎನ್ನುತ್ತಿದ್ದ. ರೂತಮ್ಮ ಸಣ್ಣವಳಿದ್ದಾಗ ಆ ಮುದುಕನನ್ನು ನೋಡಿದ್ದಾಳೆ. ಆಗ ಕುದುರೆಯಿಂದ ಇಳಿದು ಒಳಗೆ ಬಂದು ಕೂರುತ್ತಿದ್ದನಂತೆ. ಮಾತು ಮಾತ್ರ ಅದೇ.

ಇಷ್ಟು ನಿಜ ಅವ್ವ. ಅಪ್ಪನೂ ಬಂದ ಎಂದು ಬರೆಯಬಹುದಿತ್ತು. ನೀನು ಬೇಡ ಅಂದಿದ್ದೆ.

ಹಾಲೇಶಪ್ಪ ಇದುವರೆಗೆ ನಿನ್ನ ಬಗ್ಗೆ ಒಂದು ಕೆಟ್ಟ ಮಾತು ಆಡಿಲ್ಲ. ನೀನು ಇಲ್ಲ ಎಂದರೆ ನಾನು ಓಡಿಹೋಗುವುದಿಲ್ಲ. ಬೇರೆಯವರನ್ನು ಮಾಡಿಕೊಳ್ಳುವುದೂ ಇಲ್ಲ. ಇದನ್ನು ಹೆದರಿಸಲು ಬರೆದದ್ದಲ್ಲ.

ನಿನ್ನ ಮಗಳು,
ಮಾಳವ್ವ

ದಾವಣಗೆರೆ
4-12-1961, ಸೋಮವಾರ

ಚಿ. ಮಾಳವ್ವನಿಗೆ,

ಮಾಯಕೊಂಡಕ್ಕೆ ಹೋಗಿ ಬಂದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಭರಮಣ್ಣ ಕೆರೆಯ ದಂಡೆಯಲ್ಲಿ ಕುರಿಗಳ ಮೈ ತೊಳೆಸಿ ಉಣ್ಣೆ ಕತ್ತರಿಸುತ್ತಿದ್ದ. ಆ ಕೆಲಸ ಇರುವಾಗ ಅವನು ಎದ್ದು ಹೋಗಲಾರ, ಕುರಿಯ ಕಾಲು ಬಿಡಲಾರ. ಅದಕ್ಕೇ ಆ ಹೊತ್ತು ನೋಡಿ ಹೋಗಿದ್ದೆ.

"ಏನಕ್ಕಾ, ಹೇಳದೆ ಕೇಳದೆ ಬಂದಿ? ಉಣ್ಣಿ ಸಾಲಲಿಲ್ಲೇನು?" ಅಂದ.

"ಉಣ್ಣಿ ಐತೆ. ಮಗಳ ಮಾತು ಆಡಾಕ ಬಂದೆ."

ಕತ್ತರಿ ನಿಲ್ಲಲಿಲ್ಲ. "ನಿನ್ನ ಮಗಳಿಗಂತೂ ನಾಚ್ಗಿ ಇಲ್ಲ. ನಿನಗಾದ್ರೂ ಐತೆ ಅಂದ್ಕಂಡಿದ್ದೆ."

"ಐತೆ. ಅದ್ಕೇ ನಿನ್ನ ಹೆಂಡ್ತಿ ಮುಂದ ಆಡದೆ ಕೆರಿಗೆ ಬಂದೀನಿ."

"ಹತ್ತಿ ದಾರ ಕಟ್ಟಿಸ್ಕಂತಾಳಾ ನಮ್ಮನಿ ಹುಡ್ಗಿ?"

"ಅವಳ ಕೈಗೆ ಅವರು ಹತ್ತಿ ಕಟ್ಲಿ. ಅವನ ಕೈಗೆ ನಾವು ಉಣ್ಣಿ ಕಟ್ಟಾನ. ಕೊಟ್ಟೋರ ದಾರ ತಗಂಡೋರ ಕೈಯಾಗ ಇರ್ಲಿ. ಯಾರದ್ದೂ ಕೆಳಗ ಬೀಳಂಗಿಲ್ಲ."

ಮಾಳವ್ವ, ಈ ಮಾತು ನಾನು ಮೊದಲೇ ಯೋಚಿಸಿ ಇಟ್ಟುಕೊಂಡದ್ದಲ್ಲ. ಮನೆಯಲ್ಲಿ ಎರಡೂ ದಾರ ಕೂಡಿಸಿ ಒಂದೇ ಕಂಕಣ ಹೊಸೆದು ನೋಡಿದ್ದೆ, ಅರಿಶಿನ ನೀರಿಗೆ ಅದ್ದಿದಾಗ ಉಣ್ಣೆ ಮುದುರಿಕೊಂಡಿತು, ಹತ್ತಿ ಜೋತುಬಿತ್ತು. ಒಲೆಗೆ ಹಾಕಿದೆ. ಕೆರೆಯ ದಂಡೆಯಲ್ಲಿ ಅವನು ಕೇಳಿದಾಗ ಬಾಯಿಗೆ ಬಂದದ್ದನ್ನು ಆಡಿದೆ. ಆಡಿದ ಮೇಲೆ ಸರಿ ಅನ್ನಿಸಿತು.

ಅವನು ಆ ಕುರಿ ಮುಗಿಸಿ ಇನ್ನೊಂದನ್ನು ಕೆಡವಿಕೊಂಡ. "ಅವರು ಒಪ್ಯಾರೇನು?"

"ಕೇಳಿಲ್ಲ. ನಿನ್ನ ಕೇಳ್ದೆ ಅವರನ್ನ ಹೆಂಗೆ ಕೇಳ್ಲಿ?"

"ನಾ ಮದುವಿಗೆ ಬರಂಗಿಲ್ಲಕ್ಕಾ. ಹೇಳಿಬಿಟ್ಟೀನಿ."

"ಬ್ಯಾಡ ಬಿಡು" ಅಂದೆ.

ಆ ಕುರಿಯೂ ಮುಗಿಯಿತು, ಮತ್ತೊಂದೂ ಮುಗಿಯಿತು. ಹೊರಡಲೆಂದು ಎದ್ದೆ. ಆಗ ಕೇಳಿದ, "ಹಸಿಮಣಿ ಮ್ಯಾಲೆ ಹಾಸಾಕ ಕರಿ ಕಂಬಳಿ?"

"ಪ್ಯಾಟ್ಯಾಗ ತಗಂತೀನಿ."

ಆಗ ನೋಡು ಕತ್ತರಿ ನಿಂತಿತು. "ಪ್ಯಾಟಿ ಕಂಬಳಿ? ಅದ್ರಾಗ ಅರ್ಧ ಗಿರಣಿ ನೂಲು ಇರ್ತೈತೆ. ಅದ್ರ ಮ್ಯಾಲೆ ಕುಂದ್ರಸ್ತೀಯಾ ಹುಡ್ಗೀನ? ಕಂಬಳಿ ನಾ ತರ್ತೀನಿ. ಹಾಸಿ ಬರ್ತೀನಿ, ಅಷ್ಟೇ. ಮದುವಿಗಲ್ಲ."

"ಹಾಸಿದ್ದನ್ನ ಎತ್ತೋರು ಯಾರು? ಅದೂ ಹಾಸಿದೋರ ಕೆಲ್ಸ ಅಲ್ಲೇನು?"

"ನಾನೇ ಎತ್ತಬೇಕು. ನಿಮಗ ನೆಟ್ಟಗೆ ಮಡಚಾಕ ಬರ್ತೈತೇನು?"

ಹಾಸುವುದು ಮೊದಲನೇ ಶಾಸ್ತ್ರ, ಎತ್ತುವುದು ಕಡೇ ಶಾಸ್ತ್ರ. ನಡುವೆ ಅವನು ಎಲ್ಲಿ ಹೋಗುತ್ತಾನೆ ಎಂದು ನಾನು ಕೇಳಲಿಲ್ಲ. ಅವನಿಗೂ ಗೊತ್ತಿತ್ತು, ಮುಖ ಆ ಕಡೆ ಮಾಡಿ ಕುರಿಯನ್ನು ಬೈಯುತ್ತಿದ್ದ.

ರೂತಮ್ಮನ ಅಜ್ಜಿಯ ಅಣ್ಣನ ವಿಷಯ ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಕೆಡುತ್ತಿತ್ತು.

ಇನ್ನು ಅವರ ಕಡೆಯದು. ಹಾಲೇಶಪ್ಪನ ತಾಯಿ ಕೊಟ್ರವ್ವ ತಾನೇ ಕೇಳಿ ಬರೆಯಬೇಕು, ನಾನು ಮೊದಲು ಬರೆಯುವುದಿಲ್ಲ. ಅದನ್ನು ಆ ಹುಡುಗನಿಗೆ ಹೇ​ಳು. ಶನಿವಾರ ಶಾಲೆ ಮುಗಿದ ಮೇಲೆ ಬಸ್ಸು ಹತ್ತು. ನಿನಗೆ ಹೊಸ ಬಳೆ ತೊಡಿಸಬೇಕು ಎಂದು ರಹಮತ್ ಬೀ ಕಾಯುತ್ತಿದ್ದಾಳೆ.

ನಿನ್ನ ಅವ್ವ

ದಾವಣಗೆರೆ
22-1-1962, ಸೋಮವಾರ

ನಂದಿಗುಡಿ ಕೊಟ್ರವ್ವನವರಿಗೆ ಮೈಲಮ್ಮ ಮಾಡುವ ಶರಣು.

ನೀವು ಬರೆಸಿ ಕಳಿಸಿದ ಕಾಗದ ಸಂಕ್ರಾಂತಿ ಕಳೆದ ಮೇಲೆ ಬಂತು. ಹೆಣ್ಣು ಕೇಳಿದ್ದೀರಿ. ಜೊತೆಗೆ, ನಮ್ಮ ಹತ್ತಿ ದಾರ ನಿಮಗೆ ಹಗುರವಾಗಿ ಕಂಡರೆ ಈಗಲೇ ಹೇಳಿಬಿಡಿ, ಮಗ ಆಸೆ ಇಟ್ಟುಕೊಂಡು ಕೂರುವುದು ಬೇಡ ಎಂದೂ ಬರೆದಿದ್ದೀರಿ. ನಾನೂ ನೇರ ಮಾತಿನವಳು, ನಿಮ್ಮ ಮಾತು ನನಗೆ ಹಿಡಿಸಿತು. ಚಿಕ್ಕಂದಿನಿಂದ ಹಗುರವೆಂದೇ ಕೇಳಿ ಬೆಳೆದೆ. ನಮ್ಮದು ಒರಟೆಂದು ನೀವೂ ಕೇಳಿ ಬೆಳೆದಿರಬೇಕು.

ನನ್ನ ಮಾತು ಇಷ್ಟು. ನಿಮ್ಮ ದಾರ ನನ್ನ ಮಗಳ ಎಡಗೈಗೆ ನೀವೇ ಕಟ್ಟಬೇಕು. ನಮ್ಮ ದಾರ ನಿಮ್ಮ ಮಗನ ಬಲಗೈಗೆ ಅವಳ ಸೋದರಮಾವ ಕಟ್ಟುತ್ತಾನೆ, ಅವನಿಂದ ಕಟ್ಟಿಸುವ ಜವಾಬ್ದಾರಿ ನನ್ನದು. ಅವನು ಕಂಬಳಿ ಹಾಸಲು ಮಾತ್ರ ಬಂದವನೆಂದು ಹೇಳಿಕೊಳ್ಳುತ್ತಾನೆ. ನೀವು ಹೌದು ಹೌದು ಎಂದುಬಿಡಿ, ಹೆಚ್ಚು ಮಾತಾಡಿಸಬೇಡಿ. ನಿಮ್ಮ ಹಿರಿಯರಲ್ಲಿ ಯಾರಾದರೂ ಊಟಕ್ಕೆ ಕೂರುವುದಿಲ್ಲ ಎಂದರೆ ಅವರಿಗೂ ಹೀಗೇ ಒಂದು ಕೆಲಸ ಹುಡುಕಿ ಕೊಡಿ. ಬೇಲಿಯ ಆಚೆ ನಿಂತವರಿಗೆ ಒಳಗೆ ಬರಲು ಒಂದು ನೆಪ ಬೇಕು. ಇದನ್ನು ನಾನು ಬಹಳ ದೂರದ ದೇಶದ ಒಬ್ಬ ಅಜ್ಜಿಯಿಂದ ಕಲಿತೆ, ಅವಳು ಈಗ ಇಲ್ಲ.

ಬರುವ ವಾರದ ಕೊನೆಗೆ ಎಂಟು ಗ್ರಹ ಒಂದೇ ಮನೆಯಲ್ಲಿ ಕೂಡಿ ಲೋಕ ಮುಳುಗುತ್ತದೆ ಎಂದು ಪೇಟೆಯಲ್ಲೆಲ್ಲ ಹೋಮ ನಡೆದಿವೆ. ನಾನೂ ಎಣ್ಣೆ ಕೊಟ್ಟು ಬಂದೆ. ಹಾಗೆಂದು ನೀವು ತಡ ಮಾಡಬೇಡಿ. ಗ್ರಹಗಳು ಅಷ್ಟೊಂದು ಕೂಡಿ ಒಂದು ಮನೆಯಲ್ಲಿ ಇರಬಹುದಾದರೆ, ನಾವು ಎರಡು ಮನೆಯವರು ಒಂದು ಚಪ್ಪರದಲ್ಲಿ ಇರಲಾರೆವೇ?

ನಾನು ಹೇಳಿದ ಹಾಗೆ ಕಟ್ಟಲು ನಿಮ್ಮ ಮನಸ್ಸು ಒಪ್ಪಿದರೆ ಬನ್ನಿ. ಹೆಣ್ಣು ಕೊಡುವ ಮಾತನ್ನು ಕಾಗದದಲ್ಲಿ ಬರೆದು ಕಳಿಸುವ ಪದ್ಧತಿ ನಮ್ಮಲ್ಲಿ ಇಲ್ಲ, ನಿಮ್ಮಲ್ಲೂ ಇರಲಾರದು. ಎಲೆ ಅಡಿಕೆ ಇಟ್ಟು, ಎದುರು ಕೂತು ಬಾಯಿಂದ ಆಡುವ ಮಾತು ಅದು. ಹುಡುಗನನ್ನು ಕಳಿಸಬೇಡಿ. ನೀವೇ ಬಂದರೆ ಸಂತೋಷ, ಆಗದಿದ್ದರೆ ನಿಮ್ಮ ಮನೆಯ ಹಿರಿಯರು ಯಾರಾದರೂ ಬರಲಿ. ಊಟ ನಮ್ಮಲ್ಲೇ. ನನ್ನ ಉತ್ತರ ಇಲ್ಲಿದೆ, ಬಂದು ಒಯ್ಯಿರಿ.

ದಾರಿ ನೋಡುವ,
ಮೈಲಮ್ಮ